ಎದುರಾಳಿಯ ಗೋಲಿಗೆ ಕುಣಿದವನು

ನನ್ನ ಗಂಡ ಹೆಡ್ಲಿ ಸತ್ತದ್ದು ಭಾನುವಾರ. ಹಿಂದಿನ ದಿನ, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೇ ಟೋಪಿ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಕ್ಯಾಮೆರಾಕ್ಕೆ ರೀಲು ತುಂಬುತ್ತಿದ್ದ.

"ಬೇಗ ಹೊರಡೇ ಡೋರೀನ್. ಇವತ್ತು ತಪ್ಪಿದ್ರೆ ಮುಗೀತು."

"ಮೂವತ್ತು ವರ್ಷದಿಂದ ಪ್ರತಿ ಶನಿವಾರ ಇದನ್ನೇ ಹೇಳ್ತೀಯ."

ಆದರೆ ಆ ದಿನ ಅದು ನಿಜ. ನಮ್ಮೂರು ಹ್ಯಾಲ್‌ಬ್ರೂಕ್‌ನ ಫುಟ್‌ಬಾಲ್ ತಂಡ ಟಿ.ವಿ.ಯಲ್ಲಿ ಬರುವಂಥದ್ದಲ್ಲ. ನಮ್ಮ ಗೋಲ್‌ಕೀಪರ್ ವಾರವೆಲ್ಲ ಛಾವಣಿ ರಿಪೇರಿ ಮಾಡುತ್ತಾನೆ. ಅವನ ಕೈಯಲ್ಲಿ ಚೆಂಡೂ ನಿಲ್ಲುವುದಿಲ್ಲ, ಹೆಂಚೂ ನಿಲ್ಲುವುದಿಲ್ಲ. ನಮ್ಮ ಲೀಗಿನಲ್ಲಿ ಇಪ್ಪತ್ತೆರಡು ಮೈದಾನ. ಒಂದೊಂದಕ್ಕೂ ಹೆಡ್ಲಿ ಆಲ್ಬಮ್ಮಿನಲ್ಲಿ ಒಂದು ಪುಟ ಇಟ್ಟಿದ್ದ. ಫೋಟೊ ಅಂಟಿಸಬೇಕಾದರೆ ಆ ಮೈದಾನದಲ್ಲಿ ಅವನು ಕಣ್ಣಾರೆ ಒಂದು ಗೋಲು ನೋಡಿರಬೇಕು. ಯಾರು ಹೊಡೆದರೂ ಸರಿ. ಕೆಳಗೆ ಗೆಳೆಯ ಸಿರಿಲ್ ಸಾಕ್ಷಿಯಾಗಿ ಸಹಿ ಹಾಕಬೇಕು. ಕಾಯಿದೆ ಮಾಡಿದವನು ಹೆಡ್ಲಿಯೇ.

ಸ್ಕಾರ್ವಿಕ್ ಊರಿನ ಮೈದಾನದ ಪುಟ ಮಾತ್ರ ಖಾಲಿ. ನಾಲ್ಕು ಸಲ ಹೋಗಿದ್ದೆವು, ನಾಲ್ಕು ಸಲವೂ ಸೊನ್ನೆ-ಸೊನ್ನೆ. ಈಗ ಆ ಮೈದಾನ ಮಾರಾಟವಾಗಿತ್ತು, ಮನೆ ಕಟ್ಟುತ್ತಾರಂತೆ. ಆ ಶನಿವಾರದ್ದೇ ಅಲ್ಲಿ ಕೊನೆಯ ಆಟ. ಸಿರಿಲ್‌ನ ಚಿಂತೆ ಬೇರೆ. ಆ ದಿನ ಗೆದ್ದರೆ ಮಾತ್ರ ನಮ್ಮ ತಂಡ ಈ ಲೀಗಿನಲ್ಲಿ ಉಳಿಯುತ್ತಿತ್ತು. ಇಲ್ಲದಿದ್ದರೆ ಕೆಳಗಿನದಕ್ಕೆ.

ಸಿರಿಲ್‌ನೂ ಸೇರಿ ಮೂವರು ರೈಲಿಳಿದು ಮೂರು ಪಬ್ಬು ಸುತ್ತಿದೆವು. ನಾನು ಹೋಗುತ್ತಿದ್ದುದೇ ಅದಕ್ಕೆ. ಹೆಡ್ಲಿ ಕುಡಿಯುವ ಮೊದಲು ಬೋರ್ಡಿನ ಫೋಟೊ ತೆಗೆಯಬೇಕು, ಬಿಯರಿನದೂ ತೆಗೆಯಬೇಕು. ಎರಡನೆಯ ಪಬ್ಬಿನ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು.

"ಬೋರ್ಡಿನದ್ಯಾಕಯ್ಯಾ? ನನ್ನ ಫೋಟೊ ತೆಗಿ. ಬೋರ್ಡಿಗಿಂತ ಚೆನ್ನಾಗಿದ್ದೀನಿ."

"ಬೋರ್ಡಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರಲ್ಲಮ್ಮ," ಎಂದ.

ಅವನ ಲೋಟಕ್ಕೆ ಬರೀ ನೊರೆ ಬಂತು.

ಮೊದಲರ್ಧದಲ್ಲಿ ಗೋಲಿಲ್ಲ. ವಿರಾಮದಲ್ಲಿ ನಾವೆಲ್ಲ ಇನ್ನೊಂದು ಕಡೆಯ ಗೋಲಿನ ಹಿಂದಕ್ಕೆ ಹೊರಟೆವು. ನಮ್ಮ ತಂಡ ಯಾವ ಕಡೆ ನುಗ್ಗುತ್ತದೋ ಆ ಕಡೆ ನಿಲ್ಲುವುದು ರೂಢಿ. ದಾರಿಯಲ್ಲಿ ಟೀ ಗೂಡಂಗಡಿಯ ಬಳಿ ಹೆಡ್ಲಿ ನಿಂತುಬಿಟ್ಟ. ಮಾಂಸದ ಪೈ ಬಿಸಿಯಾಗಿಡುವ ಪೆಟ್ಟಿಗೆಯ ಮೇಲೆ ಒಂದು ಬೆಕ್ಕು ಮಲಗಿತ್ತು. ಅವನು ಮಂಡಿಯೂರಿ ಅದರ ಫೋಟೊ ತೆಗೆಯುತ್ತಿದ್ದಾಗ ಸೀಟಿ ಊದಿದರು. ನೂರು ಎಣಿಸುವುದರೊಳಗೆ ನಮ್ಮವರು ಗೋಲು ಹೊಡೆದರು. ಸಿರಿಲ್ ನನ್ನನ್ನು ತಬ್ಬಿಕೊಂಡು ಕುಣಿದ.

ಹೆಡ್ಲಿ ಓಡಿ ಬಂದ. "ಏನಾಯ್ತು?"

"ಗೋಲು ಕಣೋ!"

ಮನೆ ಸುಟ್ಟುಹೋಯಿತು ಎಂದಿದ್ದರೂ ಅವನ ಮುಖ ಹಾಗೆ ಆಗುತ್ತಿರಲಿಲ್ಲ.

"ಸಹಿ ಹಾಕ್ತೀನಿ ಬಿಡೋ, ಯಾರಿಗೆ ಗೊತ್ತಾಗುತ್ತೆ?" ಎಂದ ಸಿರಿಲ್.

"ನನಗೆ ಗೊತ್ತಲ್ಲ. ಬೆಕ್ಕಿಗೂ ಗೊತ್ತು."

ಕೊರಳಿನಿಂದ ಕ್ಯಾಮೆರಾ ತೆಗೆದು ನನ್ನ ಕೈಗೆ ಕೊಟ್ಟ. ಕಣ್ಣು ಆಚೆ ಈಚೆ ಹೋಗಬಾರದಂತೆ. ನಮ್ಮ ನಲವತ್ತು ಜನ ಕೊನೆಯ ಸೀಟಿಗಾಗಿ ದೇವರನ್ನು ಬೇಡುತ್ತಿದ್ದರು. ಅವನು ಏನು ಬೇಡುತ್ತಿದ್ದಾನೆಂದು ನನಗೆ ಗೊತ್ತಿತ್ತು.

ಕೊನೆಯ ನಿಮಿಷ. ಸ್ಕಾರ್ವಿಕ್‌ನವನೊಬ್ಬ ಮೆಲ್ಲಗೆ ಒದ್ದ. ನಮ್ಮ ಛಾವಣಿಯವನು ಚೆಂಡು ಹಿಡಿದ. ಆಮೇಲೆ ಬಿಟ್ಟ. ಅದು ಅವನ ಕಾಲ ನಡುವೆ ಉರುಳಿ ಗೆರೆ ದಾಟಿತು. ಒಂದು-ಒಂದು. ನಮ್ಮ ಕಡೆ ಉಸಿರಿಲ್ಲ. ಒಬ್ಬ ಮಾತ್ರ ಎಗರಿ ಎಗರಿ ಕೂಗುತ್ತಿದ್ದ.

"ಗೋಲು! ನೋಡಿದೆ! ನಾನೇ ನೋಡಿದೆ!"

"ಲೇ ದ್ರೋಹಿ!" ಸಿರಿಲ್ ಅವನ ಕಾಲರು ಹಿಡಿದ. "ನಾವು ಮುಳುಗಿ ಹೋದ್ವಿ. ನೀನು ಕುಣೀತೀಯಾ?"

"ಬೈಯಿ, ಪರವಾಗಿಲ್ಲ. ಸಹಿ ಮಾತ್ರ ಹಾಕು."

"ಈ ಕೈ ಸೇದಿಹೋದ್ರೂ ಹಾಕಲ್ಲ!"

ವಾಪಸು ಬರುವಾಗ ಸಿರಿಲ್ ರೈಲಿನ ಬೇರೆ ಬೋಗಿಯಲ್ಲಿ ಕೂತ. ಹೆಡ್ಲಿ ತನ್ನ ಪೈ ತಿಂದ, ಸಿರಿಲ್ ಬಿಟ್ಟುಹೋದದ್ದನ್ನೂ ತಿಂದ.

"ನಾಳೆ ಒಂದು ಬಿಯರ್ ಕುಡಿಸಿದ್ರೆ ಕರಗ್ತಾನೆ ಬಿಡು," ಎಂದ.

ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಮಣ್ಣು ಮಾಡುವ ದಿನ ಸಿರಿಲ್ ಹಿಂದಿನ ಸಾಲಿನಲ್ಲಿ ನಿಂತು ಹಾಗೇ ಹೋದ. ಹೆಡ್ಲಿ ಸತ್ತ ಒಂಬತ್ತನೆಯ ದಿನ ನಮ್ಮ ಮನೆಗೆ ಬಂದ. ಅಷ್ಟರಲ್ಲಿ ನಾನು ರೀಲು ತೊಳೆಸಿ ಫೋಟೊಗಳನ್ನು ಸ್ಕಾರ್ವಿಕ್‌ನ ಪುಟಕ್ಕೆ ಅಂಟಿಸಿದ್ದೆ. ಮೂರು ಬೋರ್ಡು, ಮೂರು ಲೋಟ, ಒಂದು ಬೆಕ್ಕು. ಆಲ್ಬಮ್ಮನ್ನು ಅವನ ಮುಂದೆ ಇಟ್ಟೆ.

"ಗೋಲಿನ ಫೋಟೊ ಇಲ್ವಲ್ಲ," ಎಂದ.

"ಕ್ಯಾಮೆರಾ ನನ್ನ ಕೈಲಿತ್ತು."

"ನೀನಾದ್ರೂ ತೆಗೀಬಾರದಿತ್ತಾ ಡೋರೀನ್?"

"ನಾನು ಅವನನ್ನ ನೋಡ್ತಿದ್ದೆ."

ಸಿರಿಲ್ ಪೆನ್ನು ತೆಗೆದು, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದ.

"ನಾವು ಕೆಳಗಿನ ಲೀಗಿಗೆ ಹೋದ್ವಲ್ಲ," ಎಂದ. "ಅಲ್ಲಿ ಎಲ್ಲಾ ಬೇರೆ ತಂಡ. ಇಪ್ಪತ್ತೊಂದು ಹೊಸ ಮೈದಾನ. ಗೊತ್ತಿದ್ದೇ ಕುಣಿದ ಕಣೇ, ಆ ಕಳ್ಳ."

ನಾನು ನಕ್ಕೆ. ಒಂಬತ್ತು ದಿನದಲ್ಲಿ ಅದೇ ಮೊದಲು.

ಗೊತ್ತಿದ್ದರೂ ಇರಬಹುದು. ಆ ಶನಿವಾರಕ್ಕೆ ಮೊದಲೇ ಫ್ರಿಜ್ಜಿನಲ್ಲಿ ಬೆಣ್ಣೆಯ ಮುಂದೆ ಹನ್ನೊಂದು ಹೊಸ ರೀಲು ತಂದಿಟ್ಟಿದ್ದ. ಹೊರಗಿಟ್ಟರೆ ಕೆಡುತ್ತವಂತೆ. ದಿನಾ ಬೆಳಿಗ್ಗೆ ಹನ್ನೊಂದನ್ನೂ ಹೊರಗೆ ತೆಗೆದು, ಬೆಣ್ಣೆ ತೆಗೆದುಕೊಂಡು, ಬ್ರೆಡ್ಡಿಗೆ ಸವರಿ, ಬೆಣ್ಣೆ ಒಳಗಿಟ್ಟು, ಮತ್ತೆ ಹನ್ನೊಂದನ್ನೂ ಅದರ ಮುಂದೆ ಜೋಡಿಸುತ್ತೇನೆ.