ಸಾವಿತ್ರಿಬಾಯಿ ಸುಮ್ಮನಿದ್ದ ವರ್ಷ

ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟವೆಲ್ ಮಾರುತ್ತಿದ್ದ ಸಾತಲಿಂಗಪ್ಪನವರ ಹೆಂಡತಿ ಸಾವಿತ್ರಿಬಾಯಿ ಮೈಂದರ್ಗಿಯ ಒಕ್ಕಲು ಮನೆಯ ಮಗಳು. ಹದಿನೆಂಟಕ್ಕೆ ಮದುವೆಯಾಗಿ ಬಂದವರು ನಲವತ್ತು ವರ್ಷ ಗಂಡನಿಗೆ ಎದುರಾಡಲಿಲ್ಲ. ಹೆದರಿಕೆಯಿಂದಲ್ಲ, ಗಂಡ ಕೆಟ್ಟವರಾಗಿರಲಿಲ್ಲ. ಅಂಗಡಿಯಿಂದ ಬಂದರೆ ಮೊದಲು ಮೊಮ್ಮಗಳನ್ನು ಕೂಗುತ್ತಿದ್ದರು, ಆಮೇಲೆ ನೀರು ಕೇಳುತ್ತಿದ್ದರು. ಮನೆಯ ದೊಡ್ಡ ಮಾತುಗಳನ್ನು ಅವರೇ ಆಡಬೇಕು ಎಂಬುದನ್ನು ಮಾತ್ರ ಅಲ್ಲಿ ಯಾರೂ ಪ್ರಶ್ನಿಸಿರಲಿಲ್ಲ.

ಮೊಮ್ಮಗಳು ಪೂನಮ. ಎಂಟು ವರ್ಷದವಳಿದ್ದಾಗ ಹೋಟಗಿ ರಸ್ತೆಯಲ್ಲಿ ಅಪ್ಪ ಪ್ರಸಾದನ ಬೈಕಿನ ಹಿಂದೆ ಕೂತು ಬರುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿ ಸವರಿಕೊಂಡು ಹೋಯಿತು. ಪ್ರಸಾದನ ಮೊಣಕೈ ತರಚಿತು, ಅಷ್ಟೇ. ಪೂನಮಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಗಾಯ ಮಾಗಿದ ಮೇಲೆ ಸಾತಲಿಂಗಪ್ಪನವರೇ ಅವಳನ್ನು ಎತ್ತಿಕೊಂಡು ಕೃತಕ ಕಾಲು ಮಾಡುವ ಬಸಯ್ಯನ ಬಳಿಗೆ ಹೋದರು. ಇದ್ದುದರಲ್ಲಿ ಒಳ್ಳೆಯದನ್ನೇ ಮಾಡಿಸಿದರು. ದೀಪಾವಳಿ ಹೊತ್ತಿಗೆ ಹುಡುಗಿ ಗೋಡೆ ಬಿಟ್ಟು ನಡೆದಳು. ಬಸಯ್ಯ ಆಗಲೇ ಹೇಳಿದ್ದ: "ಸಾವಕಾರ್ರ, ಕೂಸು ಬೆಳೀತೈತ್ರಿ, ಈ ಕಾಲು ಬೆಳೆಯಂಗಿಲ್ಲ. ವರ್ಷಕ್ಕೊಮ್ಮೆ ಬದಲ ಮಾಡಬೇಕಾಗ್ತೈತಿ."

ಒಂದು ವರ್ಷಕ್ಕೆ ಕಾಲು ಬಿಗಿಯಾಯಿತು. ಅಷ್ಟರಲ್ಲಿ ಅಂಗಡಿಯ ವ್ಯಾಪಾರ ಇಳಿದಿತ್ತು. ಗಿರಾಕಿಗಳು ಮನೆಯಲ್ಲೇ ಕೂತು ಫೋನಿನಲ್ಲಿ ಚಾದರ ತರಿಸಿಕೊಳ್ಳುತ್ತಿದ್ದರು. ಬಸಯ್ಯ ಸಾವಕಾರರ ಮುಖ ನೋಡಿ ವಿಷಯ ಅರ್ಥಮಾಡಿಕೊಂಡ.

"ಪುಣೆದಾಗ ಒಂದು ಟ್ರಸ್ಟ್ ಐತ್ರಿ. ಕಾಲಿಲ್ಲದವರಿಗೆ ಪುಕ್ಕಟ ಕಾಲು ಕೊಡ್ತಾರ. ಇಳಕೊಳ್ಳಾಕ ಜಾಗಾ, ಊಟಾ, ಎಲ್ಲಾ ಅವರದ. ಆದಾಯ ಕಡಿಮಿ ಅಂತ ಉತ್ಪನ್ನದ ದಾಖಲಾ ಒಂದು ತಗದರ ಆತು."

ಸಾತಲಿಂಗಪ್ಪ ಅಲ್ಲಿಂದ ಎದ್ದು ಬಂದರು. ಮನೆಗೆ ಬಂದ ಮೇಲೆ ಸಿಟ್ಟು ಹೊರಬಂತು. "ಅನ್ನಛತ್ರಕ್ಕ ವರ್ಷಾ ಅಕ್ಕಿ ಕೊಡೂ ಮನಿ ಇದು. ನಮಗ ಉತ್ಪನ್ನ ಇಲ್ಲ ಅಂತ ಸರಕಾರದ ಮುಂದ ಬರಕೊಡ್ಲ್ಯಾ? ನಮ್ಮ ಹುಡುಗಿ ಧರ್ಮದ ಕಾಲು ಹಾಕ್ಕೊಂಡು ಅಡ್ಡಾಡಬೇಕಾ? ದಿವಾಳಿ ಹಬ್ಬಕ್ಕ ವ್ಯಾಪಾರ ಆಗ್ತೈತಿ, ಆವಾಗ ಮಾಡಿಸೂಣು."

ಸೊಸೆ ದೀಪಾಲಿ ಅಡುಗೆಮನೆಯಲ್ಲಿ ಅತ್ತೆಯ ಸೆರಗು ಹಿಡಿದಳು. "ಅತ್ಯಾ, ನೀವರೆ ಒಂದು ಮಾತು ಹೇಳ್ರಿ. ಇವರು ಅಪ್ಪನ ಮುಂದ ಬಾಯಿ ತಗಿಯೂದಿಲ್ಲ."

"ಇಷ್ಟು ದಿನಾ ತಡದೀವಿ, ದಿವಾಳಿ ತನಕ ನೋಡೂಣವ್ವ," ಅಂದರು ಸಾವಿತ್ರಿಬಾಯಿ.

ಆ ದೀಪಾವಳಿಗೆ ವ್ಯಾಪಾರ ಆಗಲಿಲ್ಲ. ಬಿಗಿ ಕಾಲಿನಿಂದ ಪೂನಮಳ ಚರ್ಮ ಸುಲಿದು ಗಾಯವಾಯಿತು. ಕಾಲನ್ನು ಬಿಚ್ಚಿ ಕಪಾಟಿನ ಮೇಲಿಟ್ಟರು. ಸಾಲೆಗೆ ಅಪ್ಪ ಎತ್ತಿಕೊಂಡು ಹೋಗಿ ಬಿಡುತ್ತಿದ್ದ. ಮನೆಯಲ್ಲಿ ಅವಳು ಗೋಡೆ ಹಿಡಿದು ಕುಂಟುತ್ತಿದ್ದಳು, ಉಳಿದ ಹೊತ್ತೆಲ್ಲ ಮೊಣಕಾಲು ಮಡಚಿ ಟಿವಿ ಮುಂದೆ ಕೂತಿರುತ್ತಿದ್ದಳು. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಹಾಗಾಗಿ ದಿನಗಳು ಹೋದವು. ಹೀಗೇ ಒಂದು ವರ್ಷ ದಾಟಿತು.

ಸಾವಿತ್ರಿಬಾಯಿ ಪ್ರತಿ ಗುರುವಾರ ಬಸ್ಸಿನಲ್ಲಿ ಅಕ್ಕಲಕೋಟೆಗೆ ಸ್ವಾಮಿ ದರ್ಶನಕ್ಕೆ ಹೋಗುತ್ತಿದ್ದರು. ಒಂದು ಗುರುವಾರ ಪ್ರಸಾದದ ಊಟ ಮುಗಿಸಿ ಬರುವಾಗ ಕಟ್ಟೆಯ ಮೇಲೊಬ್ಬ ಹೆಂಗಸು ಸೀರೆ ತುಸು ಎತ್ತಿ, ತನ್ನ ಕಾಲು ಬಿಚ್ಚಿ ಪಕ್ಕಕ್ಕಿಟ್ಟು, ಬೆವರು ಒರೆಸಿಕೊಳ್ಳುತ್ತಿದ್ದಳು. ನಡುವಯಸ್ಸು. ಹೆಸರು ನಂದಾ, ಆ ಊರಿನ ಅಂಗನವಾಡಿಯ ಸಹಾಯಕಿ. ಸಾವಿತ್ರಿಬಾಯಿ ಅವಳ ಪಕ್ಕದಲ್ಲಿ ಕೂತರು. ಯಾವತ್ತೂ ಯಾರ ಮುಂದೆಯೂ ಹೇಳದ್ದನ್ನೆಲ್ಲ ಹೇಳಿದರು.

"ಪುಣೆ ಟ್ರಸ್ಟಿಂದ ಇದು," ಅಂದಳು ನಂದಾ, ಕಾಲನ್ನು ತಟ್ಟಿ. "ನಾನೂ ಮೊದಲ ನಾಚಕೊಂಡೀನ್ರಿ. ಅಂಗವಿಕಲರ ಸರ್ಟಿಫಿಕೇಟ್ ತೋರಿಸಿದ್ರ ರೈಲಿನ್ಯಾಗ ಸವಲತ್ತು ಸಿಗ್ತೈತಿ, ಸಂಗಾಟ ಬಂದವರಿಗೂ ಸಿಗ್ತೈತಿ. ಅಲ್ಲಿ ಯಾರೂ ನಿಮ್ಮ ಮನೆತನ ಕೇಳಂಗಿಲ್ಲ. ಹುಡುಗಿ ಕಾಲು ಬಿಚ್ಚಿ ಎಷ್ಟು ದಿನಾ ಆತು?"

"ವರ್ಷದ ಮ್ಯಾಲ ಆತವ್ವ."

ನಂದಾ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಹಂಗ ಬಿಡಬಾರದಿತ್ತು. ಮೊಣಕಾಲು ಸೆಟಗೊಂಡು ಬಿಡ್ತೈತಿ. ಇನ್ನ ತಡಾ ಮಾಡಬ್ಯಾಡ್ರಿ."

ಅರ್ಜಿಯನ್ನು ನಂದಾಳೇ ತುಂಬಿಕೊಟ್ಟಳು. ಸಾವಿತ್ರಿಬಾಯಿ ಮಗನನ್ನು ಕರೆದು, "ದಾಖಲಾ ತಗದುಕೊಂಡು ಬಾ. ಅಪ್ಪಗ ನಾ ಹೇಳ್ತೀನಿ," ಅಂದರು. ಪ್ರಸಾದ ತಾಯಿಯ ಮುಖವನ್ನೇ ನೋಡಿದ. ನಾಲ್ಕು ಸಲ ಕಚೇರಿಗೆ ಅಲೆದು ತಂದ. ಆದರೆ ಸಾವಿತ್ರಿಬಾಯಿ ಗಂಡನಿಗೆ ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಬೆಳಗಿನ ರೈಲಿಗೆ ಪೂನಮಳನ್ನು ಕರೆದುಕೊಂಡು ಪುಣೆಗೆ ಹೊರಟರು. ಅದು ಅವರ ಬದುಕಿನ ಮೊದಲ ಸುಳ್ಳಲ್ಲ. ಗಂಡನಿಗೆ ಹೇಳಿದ ಮೊದಲ ಸುಳ್ಳು.

ಹುಡುಗಿ ದಾರಿಯುದ್ದಕ್ಕೂ ಕಿಟಕಿಗೆ ಅಂಟಿಕೊಂಡಿದ್ದಳು. "ಆಜಿ, ಬರೂವಾಗ ನಡಕೋತ ಬರ್ತೀನಿ ಅಲ್ಲ?" ಎಂದು ಎರಡು ಸಲ ಕೇಳಿದಳು. ಇವರು ಹೂಂ ಅಂದರು.

ಟ್ರಸ್ಟಿನವರು ಆದರದಿಂದಲೇ ನೋಡಿಕೊಂಡರು. ಡಾಕ್ಟರು ಮೊಣಕಾಲನ್ನು ಮೆಲ್ಲಗೆ ನೇರ ಮಾಡಲು ನೋಡಿದರು. ಅದು ಅರ್ಧಕ್ಕೆ ನಿಂತಿತು. ಅವರು ಮರಾಠಿಯಲ್ಲಿ ಹೇಳಿದ್ದು ಸಾವಿತ್ರಿಬಾಯಿಗೆ ಪೂರ್ತಿ ತಿಳಿಯಿತು: ಮಡಚಿಯೇ ಇಟ್ಟಿದ್ದರಿಂದ ಸ್ನಾಯುಗಳು ಗಿಡ್ಡವಾಗಿವೆ, ಈಗ ಕಾಲು ಕೂಡಿಸಲು ಬರುವುದಿಲ್ಲ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಬೇಕು, ಆಮೇಲೂ ಪೂರ್ತಿ ನೇರವಾಗುವ ಭರವಸೆ ಇಲ್ಲ. ಹೋದ ವರ್ಷವೇ ಬಂದಿದ್ದರೆ ಅಳತೆ ತೆಗೆದುಕೊಂಡು ವಾರದಲ್ಲಿ ಕಾಲು ಕೊಡುತ್ತಿದ್ದೆವು, ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ಸಾವಿತ್ರಿಬಾಯಿ ಅಲ್ಲಿಯೇ ಅತ್ತು ಹಗುರಾಗುತ್ತಿದ್ದರೇನೋ. ಸ್ಟೇಷನ್ನಿನಲ್ಲಿ ಅವರು ಮೊಮ್ಮಗಳನ್ನು ಎತ್ತಿಕೊಂಡೇ ರೈಲು ಹತ್ತಿದರು. ಹನ್ನೊಂದು ವರ್ಷದ ಹುಡುಗಿ, ಭಾರವಿದ್ದಳು. ಅವಳು ಈ ಸಲ ಕಿಟಕಿಯ ಕಡೆ ಹೋಗದೆ ಅಜ್ಜಿಯ ಹೆಗಲ ಮೇಲೆ ಮುಖ ಇಟ್ಟಳು.

ಮನೆಗೆ ಬಂದಾಗ ಸಾತಲಿಂಗಪ್ಪನವರಿಗೆ ಸುದ್ದಿ ಮುಟ್ಟಿತ್ತು. "ಯಾರನ್ನ ಕೇಳಿ ಹೋದಿ?" ಎಂದು ಕೂಗಿದರು.

"ಯಾರನ್ನೂ ಕೇಳಲಿಲ್ಲ. ಹೋದ ವರ್ಷನ ಹಿಂಗ ಹೋಗಬೇಕಿತ್ತು," ಅಂದ ಸಾವಿತ್ರಿಬಾಯಿ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದರು.

ಸಾತಲಿಂಗಪ್ಪ ಪೂನಮಳನ್ನು ಚಾಪೆಯ ಮೇಲೆ ಕೂಡಿಸಿ, ಮೊಣಕಾಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. "ಮುತ್ಯಾ, ನೋಯ್ತೈತಿ," ಎಂದು ಅವಳು ಚೀರಿದಳು. ಕೆಂಡ ಮುಟ್ಟಿದವರ ಹಾಗೆ ಕೈ ತೆಗೆದರು. ಆ ಸಂಜೆ ಅಂಗಡಿಗೆ ಹೋಗಲಿಲ್ಲ.

ಮರುವಾರದಿಂದ ಅಂಗಡಿ ಒಂದು ತಾಸು ತಡವಾಗಿ ತೆರೆಯುತ್ತಿತ್ತು. ಅಷ್ಟು ಹೊತ್ತು ಸಾತಲಿಂಗಪ್ಪ ಮೊಮ್ಮಗಳ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ಉಸುಕಿನ ಚೀಲ ಇಟ್ಟು, ಅವಳಿಗೆ ಮಗ್ಗಿ ಹೇಳಿಸುತ್ತ ಕೂಡುತ್ತಿದ್ದರು. ರೈಲಿನ ಸವಲತ್ತಿನ ಕಾಗದ ಹಿಡಿದು ಸಾಲಿನಲ್ಲಿ ತಾವೇ ನಿಂತರು. ಟ್ರಸ್ಟಿನ ಅರ್ಜಿಗೆ ತಾವೇ ಸಹಿ ಹಾಕಿದರು. ಆದರೆ ಹೋದ ವರ್ಷದ ಬಗ್ಗೆ ಅವರೂ ಹೆಂಡತಿಯೂ ಒಂದು ದಿನವೂ ಮಾತಾಡಲಿಲ್ಲ. ಹತ್ತು ತಿಂಗಳ ಮೇಲೆ ಪೂನಮಳಿಗೆ ಕಾಲು ಕೂಡಿತು. ಮೊಣಕಾಲು ಕೊನೆಯ ತುಸು ನೇರವಾಗಲೇ ಇಲ್ಲ. ಅವಳು ಎಡಕ್ಕೆ ವಾಲಿ ನಡೆಯುತ್ತಾಳೆ. ದೂರ ನಡೆದರೆ ಸೊಂಟ ನೋಯುತ್ತದೆ.

ಸಾತಲಿಂಗಪ್ಪ ತೀರಿಕೊಂಡು ಎರಡು ವರ್ಷವಾಯಿತು. ಪೂನಮಳಿಗೆ ಈಗ ಹದಿನೇಳು. ಮುಂದಿನ ಕಾಲಿನ ಅರ್ಜಿಯನ್ನು ತಾನೇ ತುಂಬಲು ಕೂತವಳು ಹಳೆಯ ಫೈಲು ಓದಿದಳು.

"ಆಜಿ, ವರ್ಷದ ಮ್ಯಾಲ ಕಾಲು ಹಾಕೇ ಇಲ್ಲಂತ ಬರದಾರ. ಆವಾಗ ಈ ಟ್ರಸ್ಟ್ ಇರಲಿಲ್ಲೇನು?"

"ಇತ್ತು."

"ಮತ್ತ?"

ಸಾವಿತ್ರಿಬಾಯಿ ಗಂಡನ ಫೋಟೋ ಕಡೆ ನೋಡಲಿಲ್ಲ. "ಮುತ್ಯಾ ಬ್ಯಾಡ ಅಂದ್ರು. ನಿಮ್ಮವ್ವ ನನ್ನ ಕೇಳಿಕೊಂಡ್ಲು. ನಾ ಸುಮ್ಮನಿದ್ದೆ."

ಪೂನಮ ಫೈಲು ಮುಚ್ಚಿ ಒಳಗಿಟ್ಟಳು. ಆ ದಿನ ಅಜ್ಜಿಯ ಜೊತೆ ಊಟಕ್ಕೆ ಕೂಡಲಿಲ್ಲ. ಮರುದಿನ ಎಂದಿನಂತೆ ಬಂದು ಕೂತಳು, ರೊಟ್ಟಿ ಮುರಿದಳು, ಕಾಲೇಜಿನ ಸುದ್ದಿ ಹೇಳಿದಳು. ಆ ಮಾತನ್ನು ಮತ್ತೆ ತೆಗೆಯಲಿಲ್ಲ. ತೆಗೆದು ನಾಲ್ಕು ಮಾತು ಬಯ್ದಿದ್ದರೇ ಚೆನ್ನಾಗಿತ್ತು ಎಂದು ಸಾವಿತ್ರಿಬಾಯಿಗೆ ಈಗಲೂ ಅನಿಸುತ್ತದೆ.