ರೈಟರ್ ಚನ್ನಕೇಶವನ ಮಂಚ

ಅತ್ತಿಗುಂಡಿಯ ಮೇಲಿನ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಚನ್ನಕೇಶವನಿಗೆ ನಲವತ್ತು ದಾಟಿದ ಮೇಲೆ ಮದುವೆ ಗೊತ್ತಾಯಿತು. ಅಂದಿನಿಂದಲೇ ನಿದ್ದೆ ಹಾರಿಹೋಯಿತು. ಹೆಣ್ಣಿನ ಕನಸಲ್ಲಿ ನಿದ್ದೆಗೆಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವನು ನಿದ್ದೆಗೆಟ್ಟಿದ್ದು ನಾಯಿಗಳಿಂದ.

ನಾಯಿಗಳು ಎರಡು. ಕಪ್ಪಗಿರುವುದು ಮೆಣಸು, ಕಂದು ಬಣ್ಣದ್ದು ಜೀರಿಗೆ. ಡ್ಯಾಶ್‌ಹೌಂಡ್ ಜಾತಿ, ಮೈ ಉದ್ದ, ಕಾಲು ಮೋಟು, ಹಟ ಮಾತ್ರ ಆನೆಯಷ್ಟು. ಧಣಿಗಳ ಮಗಳು ಆಸೆಪಟ್ಟು ತಂದು, ನಾಲ್ಕು ದಿನಕ್ಕೆ ಬೇಜಾರಾಗಿ, ರೈಟರ ಮಡಿಲಿಗೆ ಹಾಕಿ ಹೋಗಿದ್ದಳು. ಜಗಲಿಯಲ್ಲಿ ಮಲಗಿಸುವ ಹಾಗಿಲ್ಲ, ಚಿರತೆ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಒಳಗೆ ಬಂದವು. ಒಳಗೆ ನೆಲ ಥಂಡಿ, ಹಾಗಾಗಿ ಮಂಚ ಹತ್ತಿದವು. ಮಂಚ ಹತ್ತಿದವು ಕಂಬಳಿಯೊಳಗೆ ನುಗ್ಗದೆ ಇರುತ್ತವೆಯೇ? ಮೆಣಸು ಅವನ ಮೊಣಕಾಲ ಸಂದಿಯಲ್ಲಿ, ಜೀರಿಗೆ ಬೆನ್ನಿಗೆ ಒತ್ತಿಕೊಂಡು. ಇಷ್ಟು ವರ್ಷ ಹಾಗೇ ನಡೆಯಿತು.

ಹೆಣ್ಣು ನೋಡಲು ಮೂಡಿಗೆರೆಗೆ ಹೋದಾಗ ಅವನ ಪ್ಯಾಂಟಿನ ತುಂಬ ನಾಯಿಗೂದಲು. ಹುಡುಗಿ ಮೇಘಶ್ರೀ, ಅವಳೂ ಮೂವತ್ತೈದು ದಾಟಿದವಳು, ಅಕ್ಕನ ಮನೆಯಲ್ಲಿದ್ದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಬಟ್ಟೆ ನೋಡಿಯೇ ಕೇಳಿದಳು.

"ನಾಯಿ ಸಾಕಿದೀರಾ?"

"ಎರಡಿದಾವೆ."

"ಎಲ್ಲಿ ಮಲಗ್ತಾವೆ?"

ಸುಳ್ಳು ಹೇಳಲು ಬರದ ಪ್ರಾಣಿ. "ಮಂಚದ ಮೇಲೆ" ಎಂದುಬಿಟ್ಟ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಮೇಘಶ್ರೀ ನಗಲಿಲ್ಲ. "ಮದುವೆ ಆದ್ಮೇಲೆ ಮಂಚದ ಮೇಲೆ ಬೇಡ. ಅದೊಂದು ಒಪ್ಪೋದಾದ್ರೆ ನಂಗೂ ಒಪ್ಪಿಗೆ" ಎಂದಳು. ಚನ್ನಕೇಶವ "ಆಯ್ತು" ಎಂದ. ಇವಳು ತಪ್ಪಿದರೆ ಇನ್ನೊಬ್ಬಳು ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತು, ಊರಿಗೂ ಗೊತ್ತು.

ಹೇಳಿದಷ್ಟು ಸುಲಭವೇ? ಮಂಚದ ಕೆಳಗೆ ಗೋಣಿ ಹಾಸಿ ಮಲಗಿಸಿದ, ಕುಂಯ್‌ಗುಟ್ಟಿದವು. ಅಡುಗೆಮನೆಗೆ ಹಾಕಿದ, ಬಾಗಿಲು ಕೆರೆದು ಬಣ್ಣ ಕಿತ್ತವು. ಅವೇನೋ ಸುಸ್ತಾಗಿ ಸುಮ್ಮನಾದಾವು, ಇವನು? ಮೊಣಕಾಲ ಸಂದಿ ಬರಿದು, ಬೆನ್ನು ತಣ್ಣಗೆ. ಆ ಕಡೆ ಹೊರಳಿದ, ಈ ಕಡೆ ಹೊರಳಿದ, ಎದ್ದು ನೀರು ಕುಡಿದ. ಹಗಲು ತೂಕದ ತಕ್ಕಡಿ ಮುಂದೆ ನಿಂತಲ್ಲೇ ತೂಕಡಿಸಿದ. ಆಳುಗಳ ಮೇಸ್ತ್ರಿ ಹಾಲೇಶ್, "ರೈಟ್ರೇ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ದೊಡ್ಡೋರು ಹೇಳಿದಾರೆ. ನಿಮ್ಮ ಹಾಸಿಗೇಲಿ ಕಾಲೇ ಹತ್ತು!" ಎಂದು ಆಡಿಕೊಂಡ.

"ಸುಮ್ನಿರು ಮಾರಾಯ" ಎನ್ನುವಾಗ ಚನ್ನಕೇಶವನಿಗೆ ಅಳು ಬರುವಂತಾಗಿತ್ತು.

ಮನೆ ನೋಡಲು ಮೇಘಶ್ರೀ ಅಕ್ಕನ ಜೊತೆ ಬರುವ ದಿನ ಬಂತು. ನಾಯಿಗಳನ್ನು ಎಲ್ಲಿಡುವುದು? ಗಟ್ಟಿ ಬಾಗಿಲಿರುವುದು ಗೋಡೌನಿಗೆ ಮಾತ್ರ. ಅಲ್ಲಿ ಹಣ್ಣಿನ ಸಿಪ್ಪೆ ಸುಲಿದು ಕಣದಲ್ಲಿ ಒಣಗಿಸಿ ತಂದ ಪಾರ್ಚ್‌ಮೆಂಟ್ ಕಾಫಿ, ಮೂಟೆ ಕಟ್ಟುವ ಮುಂಚೆ, ರಾಶಿ ಬಿದ್ದಿತ್ತು. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಗೋಡೌನಿನಲ್ಲಿ ಈರುಳ್ಳಿ ಇಟ್ಟರೆಂದು ಆಳುಗಳ ಮೇಲೆ ಕೂಗಾಡಿದವನೂ ಇದೇ ರೈಟರೇ. ಈಗ ಮೂಲೆಗೆ ಹಲಗೆ ಅಡ್ಡ ಇಟ್ಟು, ನಾಯಿಗಳನ್ನು ಬಿಟ್ಟು, ಚಿಲಕ ಹಾಕಿ ಬಂದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಬಂದವರು ಕಾಫಿ ಕುಡಿಯುತ್ತಿದ್ದರು. ಹಾಲೇಶ್ ಅಂಗಳದಿಂದಲೇ ಬೊಬ್ಬೆ ಹೊಡೆದ. "ರೈಟ್ರೇ, ನಿಮ್ಮ ಮಕ್ಳು ಪಾರ್ಚ್‌ಮೆಂಟಲ್ಲಿ ಮಲಗಿದಾವೆ!"

ಚನ್ನಕೇಶವ ಓಡಿದ. ಹಿಂದೆಯೇ ಮೇಘಶ್ರೀ. ಬಿಸಿಲಿನ ಬಿಸುಪು ಇನ್ನೂ ಆರದ ರಾಶಿಯಲ್ಲಿ ಎರಡು ಮೂತಿ ಮಾತ್ರ ಕಾಣುತ್ತಿದ್ದವು. ಮೆಣಸು ಕಣ್ಣು ತೆರೆದು, ನೀನೂ ಬಾ ಎನ್ನುವಂತೆ ನೋಡಿ ಮತ್ತೆ ಮುಚ್ಚಿತು. ಚನ್ನಕೇಶವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎರಡನ್ನೂ ಕಂಕುಳಲ್ಲಿ ಎತ್ತಿಕೊಂಡವನು, ಧಣಿಗಳಿಗೆ ಏನು ಹೇಳಲಿ ಎಂದು ಯೋಚಿಸುವ ಬದಲು ಇವಳಿಗೆ ಹೇಳಿದ.

"ಮಾತು ಕೊಟ್ಟಿದ್ದೆ, ಆಗ್ಲಿಲ್ಲ. ಇವಕ್ಕೂ ನಿದ್ದೆ ಇಲ್ಲ, ನಂಗೂ ಇಲ್ಲ. ನೀವು ಬೇಡ ಅಂದ್ರೆ ನಾನೇನೂ ಅಂದ್ಕೊಳಲ್ಲ."

ಮೇಘಶ್ರೀ ಜೀರಿಗೆಯ ಮೈಗೆ ಅಂಟಿದ್ದ ಕಾಫಿ ಬೀಜ ಕೊಡವಿದಳು. ಆಮೇಲೆ ಹೇಳಿದಳು. "ನಂಗೆ ನಾಯಿ ಅಂದ್ರೆ ಅಸಹ್ಯ ಇಲ್ಲ. ಚಿಕ್ಕೋಳಿದ್ದಾಗ ಅಜ್ಜಿ ಪಕ್ಕ ಹಾಸಿಗೆ ಅಂಚಲ್ಲಿ ಮಲಗ್ದೆ. ಈಗ ಅಕ್ಕನ ಮಕ್ಳ ಜೊತೆ ಅಂಚಲ್ಲೇ. ಒಂದಿನಾನೂ ಕಾಲು ಚಾಚಿ ಮಲಗಿಲ್ಲ. ಮದುವೆ ಆದ್ರೂ ಅಂಚೇನಾ ಅಂತ ಹೊಟ್ಟೆ ಉರೀತು, ಅಷ್ಟೆ."

ತಾನೂ ಇಷ್ಟು ವರ್ಷ ಅಂಚಿನಲ್ಲೇ ಮಲಗಿದ್ದು ಆಗ ಚನ್ನಕೇಶವನಿಗೆ ಹೊಳೆಯಿತು.

ಅವಳು ಮನೆಯೊಳಗೆ ಹೋಗಿ, ಚೀಲದಿಂದ ಅಳತೆ ಟೇಪು ತೆಗೆದು, ಮಂಚದ ಅಗಲ ಅಳೆದಳು. "ಇದು ಸಾಲಲ್ಲ. ಒಂದು ಹಲಗೆ ಸೇರಿಸಿ. ಹಾಸಿಗೆಗೆ ಪಟ್ಟಿ ನಾನು ಹೊಲಿದು ತರ್ತೀನಿ" ಎಂದಳು. ಅಕ್ಕ ಹಣೆ ಚಚ್ಚಿಕೊಂಡಳು.

ಧಣಿಗಳ ಬೈಗುಳ ತಿಂದು, ರಾಶಿಯ ಆ ಭಾಗವನ್ನು ಬೇರೆ ಮೂಟೆ ಕಟ್ಟಿಸಿದ್ದೂ ಆಯಿತು. ಬಿದ್ದ ಸಿಲ್ವರ್ ಓಕ್ ಮರದ ಹಲಗೆಯೊಂದು ಮಂಚಕ್ಕೆ ಸೇರಿತು. ಮದುವೆಯೂ ಆಯಿತು.

ಆದರೆ ಚನ್ನಕೇಶವನಿಗೆ ನಿದ್ದೆ ಬಂತೆಂದು ತಿಳಿಯಬೇಡಿ. ಮಾರನೆಯ ಬೆಳಿಗ್ಗೆ ಕಿಟಕಿ ಬೆಳ್ಳಗಾಗುವಾಗ ಅವನು ಆ ಹೊಸ ಹಲಗೆಯ ಅಂಚಿನಲ್ಲಿ, ಅರ್ಧ ಮೈ ಹೊರಗೆ ಹಾಕಿ, ಎಚ್ಚರವಾಗಿದ್ದ. ಮಂಚದ ನಟ್ಟನಡುವೆ ಮೇಘಶ್ರೀ ಕೈಕಾಲು ಚಾಚಿ ಮಲಗಿದ್ದಳು. ಅವಳ ಮೊಣಕಾಲಿಗೆ ಮೆಣಸು, ಬೆನ್ನಿಗೆ ಜೀರಿಗೆ. ದ್ರೋಹಿಗಳು! ಅವನಿಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಬೆನ್ನು ನೋಯುತ್ತಿತ್ತು, ಕಾಲು ಜೋಮು ಹಿಡಿದಿತ್ತು.

ಎದ್ದರೆ ಹಲಗೆ ಕಿರುಗುಟ್ಟುತ್ತದೆ, ಅವಳಿಗೆ ಎಚ್ಚರವಾಗುತ್ತದೆ.

ಹೊರಗಿನಿಂದ ಹಾಲೇಶ್ ಕೂಗಿದ. "ರೈಟ್ರೇ, ಆಳುಗಳು ಬಂದ್ರು, ಹೊತ್ತಾಯ್ತು!"

ಚನ್ನಕೇಶವ ಉಸಿರು ಬಿಗಿಹಿಡಿದು ಮಲಗೇ ಇದ್ದ. ತನ್ನ ಇಡೀ ನೌಕರಿಯಲ್ಲಿ ಮೊದಲ ಸಲ ಅವನು ಓಗೊಡಲಿಲ್ಲ.