ಮದುಮಗಳು ಎಂಬ ಅಕ್ಷರ

ಅಚ್ಚುಮನೆಯವರಿಗೆಲ್ಲ ಅವಳು ಮೊಳೆಯಕ್ಕ. ಸೀಸದ ಅಕ್ಷರಗಳಿಗೆ ಅಲ್ಲಿ ಮೊಳೆ ಅನ್ನುತ್ತಾರೆ. ಅವನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವುದರಲ್ಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಗಂಡ ಕಣ್ಮುಚ್ಚಿದ ಮೇಲೆ ಮಗಳನ್ನು ಸಾಕಿದ್ದೂ ಆ ಮೊಳೆಗಳೇ.

ಅವುಗಳಲ್ಲೆಲ್ಲ ಅವಳಿಗೆ ಜೀವವಾಗಿದ್ದದ್ದು 'ಮದುಮಗಳು'. ಹೆಸರಿಟ್ಟವಳೂ ಅವಳೇ. ಹಳೇ ಕಾಲದ ಅಕ್ಷರದ ಮಾದರಿ: ಓರೆ ಕತ್ತರಿಸಿದ ಲೇಖನಿಯಲ್ಲಿ ಬರೆದಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಬುಡದಲ್ಲಿ ಪುಟ್ಟ ಪಾದ, ತುದಿಯಲ್ಲಿ ಸುರುಳಿ ಬಾಲ. ಮದುವೆ ಪತ್ರಿಕೆ, ಸನ್ಮಾನಪತ್ರ, ಸೆಂಟಿನ ಬಾಟಲಿಯ ಚೀಟಿ, ಇಂಥವಕ್ಕೆ ಮಾತ್ರ ಅದು ಹೊರಬರುತ್ತಿತ್ತು. ವ್ಯಾಪಾರಿಯೊಬ್ಬ ಸೋಪಿನ ದರಪಟ್ಟಿಯನ್ನೂ ಅದರಲ್ಲೇ ಕೇಳಿದಾಗ, "ಮದುಮಗಳನ್ನ ಯಾರಾದ್ರೂ ನೀರು ಸೇದೋಕೆ ಕಳಿಸ್ತಾರಾ ಸ್ವಾಮಿ?" ಎಂದು ಬಾಯಿ ಮುಚ್ಚಿಸಿದ್ದಳು.

ಮಗಳ ಮದುವೆ ಗೊತ್ತಾಯಿತು. "ಅಮ್ಮಾ, ಊರವರಿಗೆಲ್ಲ ಮಾಡ್ಕೊಟ್ಟಿದ್ದೀಯ. ನನ್ನ ಪತ್ರಿಕೆ ಪೂರ್ತಿ ಅದರಲ್ಲೇ ಇರ್ಲಿ," ಅಂದಳು ಮಗಳು. ಅವಳು ಬೇರೇನನ್ನೂ ಕೇಳಿದವಳಲ್ಲ. ಆದರೆ ಆ ಅಕ್ಷರ ಇದ್ದದ್ದೇ ಒಂದು ಪುಟ್ಟ ಪೆಟ್ಟಿಗೆಯಷ್ಟು. ಒಂದೆರಡು ಸಾಲು ಕಟ್ಟುವಷ್ಟರಲ್ಲಿ ಖಾಲಿ; ಊರವರ ಪತ್ರಿಕೆಗಳಲ್ಲೂ ವಧೂವರರ ಹೆಸರಿಗಷ್ಟೇ ಅದು. ಬೀಗರೋ, ಸೋದರಮಾವಂದಿರ ಹೆಸರು ಒಂದೂ ಬಿಡಬಾರದೆಂದು ಪಟ್ಟು ಹಿಡಿದಿದ್ದರು. ಕಷ್ಟಕಾಲದಲ್ಲಿ ಇತ್ತ ತಲೆ ಹಾಕದ ಮಾವಂದಿರೆಲ್ಲ ಪತ್ರಿಕೆ ಎಂದೊಡನೆ ಸಾಲಾಗಿ ನಿಂತರು.

ದಾರಿ ಒಂದಿತ್ತು. ಒಂದು ಸಾಲು ಕಟ್ಟಿ ಅಚ್ಚು ಹಾಕಿ, ಅದನ್ನು ಬಿಚ್ಚಿ, ಅದೇ ಅಕ್ಷರಗಳಲ್ಲಿ ಮುಂದಿನ ಸಾಲು ಕಟ್ಟುವುದು. ಪ್ರತಿ ಪತ್ರಿಕೆಯನ್ನೂ ಸಾಲಿಗೊಂದು ಸಲ ಯಂತ್ರಕ್ಕೆ ಕೊಡಬೇಕು; ಕೂದಲೆಳೆ ಸರಿದರೂ ಕೆಟ್ಟಿತು. ಯಂತ್ರವನ್ನು ಕಾಲಲ್ಲಿ ತುಳಿದು ಅಚ್ಚು ಹಾಕುವವನು ಗೊಣಗಣ್ಣ, ಎರಡು ಬಣ್ಣಕ್ಕೆ ಎರಡು ಸಲ ತುಳಿ ಅಂದರೇ ದಿನವೆಲ್ಲ ಮುಖ ಊದಿಸುವ ಆಸಾಮಿ. ಅವನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮಗಳ ಆಸೆಯನ್ನು ಜೊತೆ ಕೆಲಸದವರ ಮುಂದೆ ತೋಡಿಕೊಂಡು, "ಸಾದಾ ಅಕ್ಷರದಲ್ಲೇ ಮಾಡಿಬಿಡಿ" ಎಂದು ಒಕ್ಕಣೆ ಕೊಟ್ಟು, ಸಂಕಟದಿಂದಲೇ ರಜೆಯ ಮೇಲೆ ಹೋದಳು.

ಪತ್ರಿಕೆ ತರಲು ಹೋದ ದಿನ ಕಟ್ಟು ಬಿಚ್ಚಿದರೆ, ಮೇಲಿಂದ ಕೆಳಗಿನವರೆಗೂ ಮದುಮಗಳೇ! ಹೊಸ ಅಕ್ಷರ ತರಿಸಿದರೇನೋ ಅಂದುಕೊಂಡಳು. ಬೆರಳಿಟ್ಟು ಓದಿದಾಗ ತಿಳಿಯಿತು. ಹಿಂದೆಂದೋ ಅವಳ ಕೈಯಿಂದಲೇ ಬಿದ್ದು ಬಾಲ ಮುಕ್ಕಾಗಿದ್ದ ಅಕ್ಷರವೊಂದು ಪ್ರತಿ ಸಾಲಿನಲ್ಲೂ ಇತ್ತು. ಪೆಟ್ಟಿಗೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ಸಾಲು ಕಟ್ಟಿದವರು ಜೊತೆಯವರಾದರೂ, ಅಷ್ಟೂ ಸಲ ತುಳಿದ ಕಾಲು ಒಬ್ಬನದೇ.

ಗೊಣಗಣ್ಣ ಯಂತ್ರದ ಪಕ್ಕ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

"ಒಂದೊಂದು ಸಾಲೂ ಬೇರೆ ಬೇರೆ ತುಳಿದ್ಯಾ ಅಣ್ಣಾ?"

"ಎಲ್ಲಾದ್ರೂ ಸೊಟ್ಟ ಇದ್ರೆ ಹೇಳು. ಇಲ್ದಿದ್ರೆ ಮನೆಗೆ ಹೋಗು, ಕೆಲಸ ಬೇಕಾದಷ್ಟಿರುತ್ತೆ."

ಸೊಟ್ಟ ಎಲ್ಲೂ ಇರಲಿಲ್ಲ. ಒಡಹುಟ್ಟಿದವರು ಮಾಡದ್ದನ್ನು ಈ ಸಿಡುಕ ಮಾಡಿದ್ದ. ಈ ಋಣ ಯಾವ ಜನ್ಮಕ್ಕೂ ತೀರದು ಅನ್ನಿಸಿತು.

"ಇಷ್ಟು ಜನ ಸೋದರಮಾವಂದಿರ ಹೆಸರು ಹಾಕಿದ್ದೀಯ," ಅಂದಳು. "ನಿಂದನ್ನೇ ಬಿಟ್ಟಿದ್ದೀಯಲ್ಲ?"

ಗೊಣಗಣ್ಣ ತಲೆ ಎತ್ತಲಿಲ್ಲ. ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

"ಅಕ್ಷರ ಸಾಲ್ಲಿಲ್ಲ ಕಣಮ್ಮ," ಅಂದ.